ಬ್ರಿಟನ್ನಿನ ಕಾಲುವೆ ದಂಡೆಗಳಲ್ಲಿ ಸೈಕಲ್ ಸವಾರಿ: ಸುರಕ್ಷತೆ ಮತ್ತು ಸೌಜನ್ಯ

ಬ್ರಿಟನ್ನಿನ ಹಳೆಯ ಕಾಲುವೆಗಳ ಒಂದು ಬದಿಯಲ್ಲಿ ಸಾಗುವ, ಅಲ್ಲಿಯವರು ಟೋಪಾತ್ ಎಂದು ಕರೆಯುವ ದಂಡೆಹಾದಿಗಳು ಸೈಕಲ್ಲಿಗಾಗಿ ಮಾಡಿದವಲ್ಲ. ವರ್ಸ್ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನತ್ತ ಸಾಗಿಸುವ ಬ್ರಿಜ್‌ವಾಟರ್ ಕಾಲುವೆ 1761ರಲ್ಲಿ ತೆರೆದ ಕಾಲದಿಂದ ಎಂಜಿನ್ ದೋಣಿಗಳು ರೂಢಿಗೆ ಬರುವವರೆಗೆ, ಸರಕಿನ ದೋಣಿಗಳನ್ನು ಎಳೆಯುತ್ತಿದ್ದದ್ದು ಕುದುರೆ. ಇಪ್ಪತ್ತೈದು ಮೂವತ್ತು ಟನ್ ಹೊತ್ತ ದೋಣಿಯನ್ನು ಒಂದೇ ಕುದುರೆ ಉದ್ದನೆಯ ಹಗ್ಗದಿಂದ ಎಳೆದುಕೊಂಡು ನಡಿಗೆಯ ವೇಗದಲ್ಲಿ ಸಾಗುತ್ತಿತ್ತು. ಹಾದಿಯ ಅಗಲ, ಸೇತುವೆಗಳ ಕೆಳಗಿನ ತಗ್ಗು ಕಮಾನು, ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಪಕ್ಕದ ಇಕ್ಕಟ್ಟಾದ ಏರು, ಮುಂದೇನಿದೆ ಎಂದು ಕಾಣದ ತಿರುವು, ಇವೆಲ್ಲವೂ ಆ ಕುದುರೆಯ ಹೆಜ್ಜೆಗೆ ತಕ್ಕಂತೆ ರೂಪುಗೊಂಡವು. ಇಂದು ಅದೇ ಹಾದಿಯಲ್ಲಿ ನಡೆಯುವವರು, ಓಡುವವರು, ಗಾಲಿಕುರ್ಚಿಯವರು, ನಾಯಿ ಹಿಡಿದವರು, ಗಾಳ ಹಾಕುವವರು, ದೋಣಿಯಲ್ಲೇ ಸಂಸಾರ ಹೂಡಿದವರು ಮತ್ತು ಸೈಕಲ್ಲಿನವರು ಎಲ್ಲರೂ ಇದ್ದಾರೆ. ಕುದುರೆಯ ವೇಗಕ್ಕೆ ಕಟ್ಟಿದ ಹಾದಿಯಲ್ಲಿ ಕುದುರೆಯ ವೇಗವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಸುರಕ್ಷತೆಯ ಬಹುಪಾಲು ತಾನಾಗಿಯೇ ಒದಗುತ್ತದೆ ಎಂಬ ನಂಬಿಕೆಯಿಂದಲೇ ಈ ಕೈಪಿಡಿಯನ್ನು ಬರೆಯಲಾಗಿದೆ.

ಕನ್ನಡದ ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯನ್ನೋ ತುಂಗಭದ್ರೆಯ ನಾಲೆಗಳನ್ನೋ ನೋಡಿ ಬೆಳೆದವರ ಮನಸ್ಸಿನಲ್ಲಿ ಕಾಲುವೆಯೆಂದರೆ ಹೊಲಕ್ಕೆ ಹರಿಯುವ ರಭಸದ ನೀರು. ಬ್ರಿಟನ್ನಿನ ಬಹುತೇಕ ಕಾಲುವೆಗಳು ಸಂಚಾರಕ್ಕಾಗಿ ತೋಡಿದವು; ಅವುಗಳ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಈ ಶಾಂತತೆ ಸವಾರನನ್ನು ಮೈಮರೆಸುತ್ತದೆ. ದಂಡೆಗೆ ತಡೆಗೋಡೆಯಿಲ್ಲ, ಕಂಬಿಯಿಲ್ಲ, ಹಲವೆಡೆ ಹಾದಿಯ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಹುಲ್ಲು ಮಾತ್ರ ಇರುತ್ತದೆ ಎಂಬುದನ್ನು ಮರೆಯಬಾರದು.

ಹಾದಿ ಯಾರದು, ಹಕ್ಕು ಎಷ್ಟು

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ. ಸ್ಕಾಟ್ಲೆಂಡಿನಲ್ಲಿ ಆ ಹೊಣೆ ಸ್ಕಾಟಿಷ್ ಕೆನಾಲ್ಸ್ ಸಂಸ್ಥೆಯದು. ಒಂದು ಕಾಲದಲ್ಲಿ ಇಂಗ್ಲೆಂಡಿನ ದಂಡೆಗಳಲ್ಲಿ ಸೈಕಲ್ ತುಳಿಯಲು ಪರವಾನಗಿ ಚೀಟಿ ಬೇಕಾಗಿತ್ತು, ಈಗ ಬೇಕಿಲ್ಲ. ಆದರೂ ಬಹುತೇಕ ಕಡೆ ಸೈಕಲ್ ಸವಾರಿ ಕಾನೂನು ಕೊಟ್ಟ ಹಕ್ಕಲ್ಲ, ಹಾದಿಯ ಒಡೆಯರು ಕೊಟ್ಟ ಅನುಮತಿ. ಈ ಅನುಮತಿಯ ಜೊತೆಗೆ ಬರುವ ಮೊದಲ ನಿಯಮ, ನಡೆಯುವವರಿಗೆ ಆದ್ಯತೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯು ಸಾರ್ವಜನಿಕರಿಗೆ ವಿಶಾಲವಾದ ಪ್ರವೇಶದ ಹಕ್ಕನ್ನೇ ಕೊಟ್ಟಿದೆ, ಆದರೆ ಆ ಹಕ್ಕು ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಮಾತ್ರ ಎಂಬ ಷರತ್ತೂ ಅದರೊಳಗೇ ಇದೆ. 2022ರ ಜನವರಿಯಲ್ಲಿ ತಿದ್ದುಪಡಿಯಾದ, ಬ್ರಿಟನ್ನಿನ ರಸ್ತೆ ಸಂಚಾರದ ನಿಯಮಾವಳಿಯಾದ ಹೈವೇ ಕೋಡ್‌ನ 63ನೆಯ ನಿಯಮವೂ ಇದೇ ದಿಕ್ಕಿನಲ್ಲಿದೆ: ನಡೆಯುವವರೊಡನೆ ಹಂಚಿಕೊಳ್ಳುವ ಹಾದಿಯಲ್ಲಿ ಅವರನ್ನು, ಅದರಲ್ಲೂ ಹಿಂದಿನಿಂದ, ತೀರ ಹತ್ತಿರದಲ್ಲಿ ಅಥವಾ ವೇಗವಾಗಿ ದಾಟಬಾರದು, ಬೇಕಾದಾಗ ನಿಧಾನಿಸಬೇಕು, ಬರುತ್ತಿರುವುದನ್ನು ತಿಳಿಸಬೇಕು, ಅವರಲ್ಲಿ ಕಿವಿ ಕೇಳಿಸದವರು, ಕಣ್ಣು ಕಾಣಿಸದವರು ಇರಬಹುದೆಂಬುದನ್ನು ನೆನಪಿಡಬೇಕು.

ವಿದ್ಯುತ್ ಸೈಕಲ್ಲುಗಳಲ್ಲಿ ಪೆಡಲ್ ತುಳಿದಾಗ ನೆರವಾಗುವ, 250 ವ್ಯಾಟ್ ಮೀರದ, ಗಂಟೆಗೆ 15.5 ಮೈಲಿಗೆ ಮೋಟಾರಿನ ನೆರವು ನಿಲ್ಲುವ ಬಗೆಯವು ಮಾತ್ರ ಸೈಕಲ್ ಎನಿಸಿಕೊಳ್ಳುತ್ತವೆ. ನಿಂತು ಓಡಿಸುವ ಸ್ವಂತದ ವಿದ್ಯುತ್ ಸ್ಕೂಟರುಗಳಿಗೆ ದಂಡೆಯಲ್ಲಿ ಅವಕಾಶವಿಲ್ಲ. ಇನ್ನು ಗಂಟೆಗೆ 15.5 ಮೈಲಿ ಎಂಬುದು ಮೋಟಾರಿನ ಮಿತಿಯೇ ಹೊರತು ದಂಡೆಹಾದಿಗೆ ತಕ್ಕ ವೇಗವಲ್ಲ. ಕಾಲುವೆಯಲ್ಲಿ ಸಾಗುವ ದೋಣಿಗಳಿಗೇ ಸಾಮಾನ್ಯವಾಗಿ ಗಂಟೆಗೆ 4 ಮೈಲಿಯ ಮಿತಿಯಿದೆ, ಕಟ್ಟಿಹಾಕಿದ ದೋಣಿಗಳ ಪಕ್ಕದಲ್ಲಿ ಅವು ಅದಕ್ಕಿಂತಲೂ ನಿಧಾನಿಸಬೇಕು.

ಹೊರಡುವ ಮುನ್ನ

ಸೈಕಲ್ಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎರಡೂ ಬ್ರೇಕುಗಳು ಮೆತ್ತಗೆ ಹಿಡಿದರೂ ಕಚ್ಚುವಂತಿರಬೇಕು. ರಸ್ತೆ ಪಂದ್ಯದ ಸಪೂರ ಟೈರಿಗಿಂತ ಸ್ವಲ್ಪ ಅಗಲದ ಟೈರು ಜಲ್ಲಿ, ಕೆಸರು, ಇಟ್ಟಿಗೆ ಹಾಸಿನ ಮೇಲೆ ನೆಮ್ಮದಿ ಕೊಡುತ್ತದೆ. ಮಡ್ಗಾರ್ಡ್ ಇದ್ದರೆ ನಿಮ್ಮ ಬೆನ್ನಿಗೂ ಪಕ್ಕದಲ್ಲಿ ನಡೆಯುವವರ ಬಟ್ಟೆಗೂ ಒಳ್ಳೆಯದು. ಪಂಕ್ಚರ್ ಸಾಮಾನನ್ನು ಮರೆಯಬೇಡಿ, ಏಕೆಂದರೆ ಶರತ್ಕಾಲ ಕಳೆದು ಬೇಲಿಗಳನ್ನು ಸವರುವ ಕಾಲ ಬಂದಾಗ ಹಾಥಾರ್ನ್ ಗಿಡದ ಗಟ್ಟಿ ಮುಳ್ಳುಗಳು ಹಾದಿಯ ತುಂಬ ಬಿದ್ದಿರುತ್ತವೆ. ಹತ್ತಿರದ ಸೈಕಲ್ ಅಂಗಡಿ ಮೈಲಿಗಟ್ಟಲೆ ದೂರವಿರಬಹುದು.

ಬೆಲ್ ಮಾತ್ರ ಬೇಕೇಬೇಕು. ಬ್ರಿಟನ್ನಿನಲ್ಲಿ ಹೊಸ ಸೈಕಲ್ಲನ್ನು ಬೆಲ್ ಸಮೇತವೇ ಮಾರಬೇಕೆಂಬ ನಿಯಮವಿದೆ, ಆದರೆ ಅಂದಕ್ಕೋ ಹಗುರಕ್ಕೋ ಅದನ್ನು ಬಿಚ್ಚಿಟ್ಟು ಓಡಾಡುವವರು ಅನೇಕರು. ದಂಡೆಹಾದಿಗೆ ಹೋಗುವುದಾದರೆ ಬಿಚ್ಚಿಟ್ಟದ್ದನ್ನು ಮತ್ತೆ ಹಾಕಿಸಿ. ಕಿವಿಗೆ ಇಯರ್‌ಫೋನ್ ಬೇಡ. ವೇಗ ಅಳೆದು ಇತರರೊಡನೆ ಹೋಲಿಸುವ ಫೋನಿನ ಆ್ಯಪ್‌ಗಳನ್ನು ಈ ಹಾದಿಯ ಮಟ್ಟಿಗಾದರೂ ಮುಚ್ಚಿಡಿ. ನಡೆಯುವ ಮಗು ಎದುರಿಗಿದ್ದಾಗಲೂ ಸೆಕೆಂಡು ಉಳಿಸುವ ಆಸೆ ಹುಟ್ಟಿಸುವ ಸಾಧನಕ್ಕೆ ಇಲ್ಲಿ ಜಾಗವಿಲ್ಲ. ಚಳಿಗಾಲದಲ್ಲಿ, ದೋಣಿಗಳ ಸಂಚಾರ ಕಡಿಮೆಯಿರುವ ತಿಂಗಳುಗಳಲ್ಲಿ, ಟ್ರಸ್ಟ್ ದೊಡ್ಡ ದುರಸ್ತಿಗಳನ್ನು ಕೈಗೊಳ್ಳುತ್ತದೆ. ಆಗ ದಂಡೆಗಳನ್ನು ಅಲ್ಲಲ್ಲಿ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುನ್ನ ಅದರ ಜಾಲತಾಣದ ಸೂಚನೆಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ನಡೆಯುವವರನ್ನು ದಾಟುವ ಬಗೆ

ದಂಡೆಹಾದಿಯ ಸೌಜನ್ಯವೆಲ್ಲ ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಂದೆ ಯಾರೋ ನಿಮಗೆ ಬೆನ್ನು ಹಾಕಿ ನಡೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲು ಮಾಡಬೇಕಾದದ್ದು ಪೆಡಲ್ ನಿಲ್ಲಿಸಿ ವೇಗ ಇಳಿಸುವುದು. ಬೆಲ್ ಬಾರಿಸುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ, ಅಂದರೆ ಅದೇ ವೇಗದಲ್ಲಿ ಬರುತ್ತಾ ಬೆಲ್ ಹೊಡೆದರೆ, ಆ ಸದ್ದಿಗೆ ‘ದಾರಿ ಬಿಡು’ ಎಂಬ ಅರ್ಥ ಬರುತ್ತದೆ. ಸಾಕಷ್ಟು ದೂರವಿರುವಾಗಲೇ, ಸುಮಾರು ಇಪ್ಪತ್ತು ಮೂವತ್ತು ಮೀಟರ್ ಹಿಂದೆ, ಮೆಲ್ಲಗೆ ಎರಡು ಸಲ ಬಾರಿಸಿ. ತೀರ ಬೆನ್ನ ಹಿಂದೆ ಬಂದು ಬಾರಿಸಿದರೆ ಅವರು ಬೆಚ್ಚಿ ಯಾವ ಕಡೆಗಾದರೂ ಹಾರಬಹುದು, ಒಂದು ಕಡೆಯಲ್ಲಿ ನೀರಿದೆ.

ಬಾರಿಸಿದ ಮೇಲೆ ಅವರು ಹಿಂದಿರುಗಿ ನೋಡುವವರೆಗೆ ಕಾಯಬೇಕು. ಇಬ್ಬರು ಜೊತೆಯಾಗಿ ನಡೆಯುತ್ತಿದ್ದರೆ ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಸರಿದು, ಮತ್ತೆ ಮನಸ್ಸು ಬದಲಿಸಿ ಅಡ್ಡ ಬರುವುದು ಸಾಮಾನ್ಯ. ಅವರು ನೆಲೆ ನಿಂತದ್ದು ಖಚಿತವಾದ ಮೇಲೆಯೇ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ದಾಟಿ. ಯಾವ ಬದಿಯಿಂದ ದಾಟಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮವೇನೂ ಇಲ್ಲ. ನನ್ನ ದೃಷ್ಟಿಯಲ್ಲಿ ಒಂದೇ ತತ್ವ ಸಾಕು: ಯಾರನ್ನೂ ನೀರಿನ ಅಂಚಿಗೆ ತಳ್ಳಬಾರದು. ಸೈಕಲ್ಲಿನ ಮೇಲೆ ನಿಮಗೆ ಹಿಡಿತ ಚೆನ್ನಾಗಿದ್ದು ಅಂಚು ಗಟ್ಟಿಯಾಗಿದ್ದರೆ ನಡೆಯುವವರಿಗೆ ಬೇಲಿಯ ಬದಿಯನ್ನು ಬಿಟ್ಟುಕೊಡಿ. ಅಂಚು ಒದ್ದೆಯಾಗಿದ್ದರೆ, ಹುಲ್ಲು ಮುಚ್ಚಿಕೊಂಡಿದ್ದರೆ, ಇಳಿದು ನಿಂತು ಅವರನ್ನೇ ಮುಂದೆ ಕಳುಹಿಸಿ.

ಬೆಲ್ ಕೇಳಿಯೂ ತಿರುಗದವರು ಉದ್ಧಟರೆಂದು ಭಾವಿಸಬಾರದು. ಅವರಿಗೆ ಕಿವಿ ಕೇಳಿಸದಿರಬಹುದು, ಹಾಡು ಕೇಳುತ್ತಿರಬಹುದು, ಅಥವಾ ನಿಂತ ನೀರಿನ ಕಡೆ ನೋಡುತ್ತಾ ತಮ್ಮದೇ ಚಿಂತೆಯಲ್ಲಿರಬಹುದು. ಅವರ ಹಿಂದೆ ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ಬಂದು ‘ಎಕ್ಸ್‌ಕ್ಯೂಸ್ ಮಿ’ ಎಂದು ಸಾಮಾನ್ಯ ದನಿಯಲ್ಲಿ ಹೇಳಿ. ದಾರಿ ಬಿಟ್ಟವರಿಗೆ ‘ಥ್ಯಾಂಕ್ ಯೂ’ ಹೇಳುವುದು, ಎದುರಾದವರಿಗೆ ‘ಮಾರ್ನಿಂಗ್’ ಎನ್ನುವುದು ಅಲ್ಲಿನ ದಂಡೆಗಳ ಹಳೆಯ ರೂಢಿ, ಊರಿಗೆ ಹೊಸಬರಾದ ನಮ್ಮವರು ಸಂಕೋಚವಿಲ್ಲದೆ ಅಳವಡಿಸಿಕೊಳ್ಳಬೇಕಾದ ರೂಢಿಯೂ ಹೌದು. ಗುಂಪಿನಲ್ಲಿ ಹೋಗುವಾಗ ಮುಂದಿರುವವರು ‘ಹಿಂದೆ ಇನ್ನೂ ಮೂವರಿದ್ದಾರೆ’ ಎಂದು ತಿಳಿಸಿದರೆ, ದಾರಿ ಬಿಟ್ಟವರು ಮತ್ತೆ ಹಾದಿಯ ನಡುವೆ ಬಂದು ಎರಡನೆಯ ಸೈಕಲ್ಲಿಗೆ ಸಿಕ್ಕುವ ಅಪಾಯ ತಪ್ಪುತ್ತದೆ. ಗುಂಪು ಯಾವಾಗಲೂ ಒಬ್ಬರ ಹಿಂದೆ ಒಬ್ಬರಂತೆ ಸಾಗಬೇಕು.

ನಾಯಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಉದ್ದಕ್ಕೆ ಬಿಚ್ಚಿಕೊಳ್ಳುವ ತೆಳು ಪಟ್ಟಿ ಹಾದಿಗೆ ಅಡ್ಡಲಾಗಿ ಚಾಚಿಕೊಂಡಿದ್ದರೆ ದೂರದಿಂದ ಅದು ಕಾಣುವುದೇ ಇಲ್ಲ. ಒಡೆಯರು ಒಂದು ಬದಿ, ನಾಯಿ ಇನ್ನೊಂದು ಬದಿ ಇದ್ದರೆ ನಡುವೆ ಪಟ್ಟಿಯಿದೆ ಎಂದೇ ತಿಳಿದು ನಿಲ್ಲಿ. ಚಿಕ್ಕ ಮಕ್ಕಳಿಗೂ ಇದೇ ಮಾತು, ಅವರ ಮುಂದಿನ ಹೆಜ್ಜೆ ಯಾವ ಕಡೆಗೆಂದು ಅವರಿಗೇ ತಿಳಿದಿರುವುದಿಲ್ಲ. ನಿಮ್ಮ ಮಕ್ಕಳು ಸೈಕಲ್ಲಿನಲ್ಲಿದ್ದರೆ ಅವರನ್ನು ಮುಂದೆ ಬಿಟ್ಟು ದೊಡ್ಡವರು ಹಿಂದಿರಬೇಕು, ಸೇತುವೆ ಮತ್ತು ಲಾಕ್ ಬಂದಾಗ ಇಳಿಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಬೇಕು.

ಸೇತುವೆಯ ಕೆಳಗೆ

ಕಾಲುವೆಗಳ ಕಮಾನು ಸೇತುವೆಗಳು ನೋಡಲು ಚೆಂದ, ಆದರೆ ಸವಾರನಿಗೆ ಈ ಹಾದಿಯಲ್ಲಿ ಅತ್ಯಂತ ಅಪಾಯದ ಜಾಗವೂ ಅವೇ. ಸೇತುವೆ ಕಟ್ಟುವಾಗ ಖರ್ಚು ಉಳಿಸಲು ಕಾಲುವೆಯನ್ನು ಆ ಜಾಗದಲ್ಲಿ ಕಿರಿದಾಗಿಸುತ್ತಿದ್ದರು, ಅದರೊಡನೆ ಹಾದಿಯೂ ಕಿರಿದಾಯಿತು. ಹಾದಿ ಸೇತುವೆಯ ಕಡೆಗೆ ಬಾಗಿ ಒಳಹೊಕ್ಕು ಹೊರಬರುವುದರಿಂದ ಆಚೆಯಿಂದ ಯಾರು ಬರುತ್ತಿದ್ದಾರೆಂದು ಈಚೆಯಿಂದ ಕಾಣುವುದಿಲ್ಲ. ಕಮಾನು ಬಾಗಿರುವುದರಿಂದ ಗೋಡೆಯ ಬದಿಗೆ ಸರಿದರೆ ತಲೆ ತಾಗುತ್ತದೆ, ತಲೆ ಉಳಿಸಿಕೊಳ್ಳಲು ಹೊರಗೆ ಸರಿದರೆ ನೀರು. ಕೆಳಗೆ ಬಿಸಿಲು ತಾಗದ ಕಾರಣ ನೆಲ ಸದಾ ತೇವ, ಚಳಿಗಾಲದಲ್ಲಿ ಬೇರೆಡೆ ಕರಗಿದ ಮಂಜುಗಡ್ಡೆ ಅಲ್ಲಿ ಮಧ್ಯಾಹ್ನದವರೆಗೂ ಉಳಿಯಬಹುದು.

ಆದ್ದರಿಂದ ಪ್ರತಿ ಸೇತುವೆಗೂ ಒಂದೇ ಕ್ರಮ. ಬರುವ ಮುನ್ನ ನಡಿಗೆಯ ವೇಗಕ್ಕೆ ಇಳಿಯಿರಿ, ಎರಡು ಸಲ ಬೆಲ್ ಬಾರಿಸಿ ಕಿವಿಗೊಟ್ಟು ಕೇಳಿ, ಒಳಗೆ ಯಾರಾದರೂ ಇದ್ದರೆ ಅವರು ಹೊರಬರುವವರೆಗೆ ಹೊರಗೇ ನಿಲ್ಲಿ, ಒಳಗೆ ಬ್ರೇಕನ್ನು ಜೋರಾಗಿ ಹಿಡಿಯದೆ ನೇರ ದಾಟಿ. ಜಾಗ ತೀರ ಇಕ್ಕಟ್ಟೆನಿಸಿದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಿಂತಾಗ ಸೇತುವೆಯ ಮೂಲೆಯನ್ನೊಮ್ಮೆ ನೋಡಿ. ಕಲ್ಲಿನಲ್ಲಿ, ಇಲ್ಲವೆ ಕಲ್ಲನ್ನು ಕಾಯಲು ಹಾಕಿದ ಎರಕದ ಕಬ್ಬಿಣದ ಪಟ್ಟಿಯಲ್ಲಿ, ಬೆರಳು ಹೊಗುವಷ್ಟು ಆಳದ ಗೀರುಗಳಿರುತ್ತವೆ. ದಶಕಗಳ ಕಾಲ ಕುದುರೆಗಳ ಒದ್ದೆ ಹಗ್ಗ ಮರಳಿನೊಡನೆ ಉಜ್ಜಿ ಕೊರೆದ ಗೀರುಗಳು ಅವು. ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಬಳಿಯ ಮ್ಯಾಕಲ್ಸ್‌ಫೀಲ್ಡ್ ಸೇತುವೆಯ ಕಬ್ಬಿಣದ ಕಂಬಗಳಲ್ಲಿ ಈ ಗೀರುಗಳು ಎರಡು ಬದಿಗಳಲ್ಲಿವೆ. 1874ರ ಅಕ್ಟೋಬರಿನಲ್ಲಿ ಮದ್ದಿನಪುಡಿ ಹೊತ್ತ ದೋಣಿಯೊಂದು ಅದರ ಕೆಳಗೆ ಸಿಡಿದು ಸೇತುವೆ ನಾಶವಾಯಿತು, ಮತ್ತೆ ಕಟ್ಟುವಾಗ ಅದೇ ಕಂಬಗಳನ್ನು ತಿರುಗಿಸಿ ನಿಲ್ಲಿಸಿದ್ದರಿಂದ ಹಗ್ಗ ಹೊಸ ಬದಿಯನ್ನೂ ಸವೆಸಿತು. ಹಾದಿ ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವ ಕಡೆ, ಮುಖ್ಯವಾಗಿ ಮ್ಯಾಕಲ್ಸ್‌ಫೀಲ್ಡ್ ಕಾಲುವೆಯಲ್ಲಿ, ಹಗ್ಗ ಬಿಚ್ಚದೆಯೇ ಕುದುರೆ ದಾಟುವಂತೆ ಸುತ್ತಿ ಇಳಿಯುವ ಸೇತುವೆಗಳಿವೆ. ಅವುಗಳ ಇಳಿಜಾರು ಕಡಿದು, ತಿರುವು ಹತ್ತಿರ, ಕೊನೆಯಲ್ಲಿ ನೀರು. ಅಲ್ಲಿ ಸವಾರಿ ಬೇಡವೇ ಬೇಡ.

ಲಾಕ್‌ಗಳ ಬಳಿ

ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡು ಕಡೆ ಬಾಗಿಲುಗಳಿರುವ ನೀರಿನ ತೊಟ್ಟಿಗಳೇ ಲಾಕ್‌ಗಳು. ಬಾಗಿಲಿಗೆ ಜೋಡಿಸಿದ ಉದ್ದನೆಯ ಮರದ ತೊಲೆಯನ್ನು ದೋಣಿಯವರು ಬೆನ್ನು ಕೊಟ್ಟು ತಳ್ಳಿದಾಗ ಅದು ದಂಡೆಹಾದಿಯ ಮೇಲೆಯೇ ಬೀಸಿ ಬರುತ್ತದೆ. ತಳ್ಳುವವರು ಹಿಮ್ಮುಖವಾಗಿ ಹೆಜ್ಜೆಯಿಡುತ್ತಿರುತ್ತಾರೆ, ನಿಮ್ಮನ್ನು ಕಾಣಲಾರರು. ತೊಲೆ ನಿಂತು ಅವರು ಸರಿದ ಮೇಲೆ ದಾಟಬೇಕೇ ಹೊರತು ಸಂದಿಯಲ್ಲಿ ನುಸುಳಬಾರದು. ಅವರ ಕಾಲು ಜಾರದಿರಲೆಂದು ನೆಲದಲ್ಲಿ ಅರ್ಧಚಂದ್ರಾಕಾರವಾಗಿ ಎಬ್ಬಿಸಿದ ಇಟ್ಟಿಗೆಯ ಸಾಲುಗಳಿರುತ್ತವೆ. ಒದ್ದೆಯಾದಾಗ ಓರೆಯಾಗಿ ಹತ್ತಿದರೆ ಮುಂದಿನ ಚಕ್ರ ಜಾರುತ್ತದೆ. ಲಾಕಿನ ಕೆಳಗಡೆ ಹಾದಿ ಥಟ್ಟನೆ ಇಳಿಯುವುದರಿಂದ ಮೇಲಿನಿಂದ ಬರುವ ಸೈಕಲ್ಲಿಗೆ ವೇಗ ತಾನಾಗಿ ಕೂಡುತ್ತದೆ. ಖಾಲಿಯಾದ ಲಾಕಿನೊಳಗೆ ಬಿದ್ದರೆ ಹಲವು ಮೀಟರ್ ಆಳ, ಪಾಚಿ ಕಟ್ಟಿದ ನೇರ ಗೋಡೆಗಳು, ಇಣುಕಿ ನೋಡುವ ಆಸೆಯಿದ್ದರೆ ಸೈಕಲ್ಲನ್ನು ದೂರ ನಿಲ್ಲಿಸಿ ಬನ್ನಿ. ಡಿವೈಜಸ್ ಬಳಿಯ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳಿವೆ, ಅವುಗಳಲ್ಲಿ 16 ಒಂದೇ ಗೆರೆಯಲ್ಲಿ ಗುಡ್ಡವನ್ನು ಏರುತ್ತವೆ. ಅಂಥ ಕಡೆ ನೋಡಲು ಬಂದವರ ಗುಂಪೂ ದೊಡ್ಡದು, ಇಳಿಜಾರೂ ಉದ್ದ.

ದೋಣಿಯವರು, ಗಾಳದವರು

ಕಟ್ಟಿಹಾಕಿದ ನ್ಯಾರೋಬೋಟ್ ಎಂದರೆ ಅನೇಕ ವೇಳೆ ಯಾರದೋ ಮನೆ. ಸುಮಾರು ಏಳು ಅಡಿ ಅಗಲ, ಹೆಚ್ಚೆಂದರೆ ಎಪ್ಪತ್ತು ಚಿಲ್ಲರೆ ಅಡಿ ಉದ್ದದ ಆ ಜಾಗದಲ್ಲಿ ಜನ ವರ್ಷವಿಡೀ ಬಾಳುತ್ತಾರೆ, ಮತ್ತು ಅವರ ಬಾಗಿಲು ತೆರೆಯುವುದು ನೇರವಾಗಿ ದಂಡೆಹಾದಿಗೆ. ಹಳ್ಳಿಯಲ್ಲಿ ಒಬ್ಬರ ಮನೆಯ ಜಗಲಿಯ ಮುಂದೆ ಸೈಕಲ್ಲನ್ನು ಹೇಗೆ ನಿಧಾನಿಸುತ್ತೇವೆಯೋ ಹಾಗೆಯೇ ದೋಣಿಗಳ ಸಾಲಿನ ಮುಂದೆಯೂ ನಿಧಾನಿಸಬೇಕು: ಯಾರಾದರೂ ಕೈಯಲ್ಲಿ ಬಕೆಟ್ಟೋ ಸೌದೆಯೋ ಹಿಡಿದು ಹಾದಿಗೆ ಕಾಲಿಡಬಹುದು. ದೋಣಿಯ ಹಗ್ಗ ಕಟ್ಟುವ ಕಬ್ಬಿಣದ ಗೂಟಗಳನ್ನು ಹಾದಿಯ ಅಂಚಿನಲ್ಲಿ ಹೊಡೆದಿರುತ್ತಾರೆ. ಕಾಣಲೆಂದು ಕೆಲವರು ಅವುಗಳ ತಲೆಗೆ ಬಿಳಿ ಪ್ಲಾಸ್ಟಿಕ್ ಬಾಟಲಿಯನ್ನೋ ಟೆನಿಸ್ ಚೆಂಡನ್ನೋ ಸಿಕ್ಕಿಸುತ್ತಾರೆ, ಎಲ್ಲರೂ ಅಲ್ಲ. ಬೇಸಿಗೆಯಲ್ಲಿ ಹುಲ್ಲು ಬೆಳೆದಾಗ ಗೂಟವೂ ಅಂಚೂ ಎರಡೂ ಮರೆಯಾಗುವುದರಿಂದ ಹಾದಿಯ ನಡುವನ್ನು ಬಿಡದಿರುವುದೇ ಕ್ಷೇಮ. ಸೈಕಲ್ಲನ್ನು ದೋಣಿಗೆ ಒರಗಿಸಬೇಡಿ. ಕಿಟಕಿಯೊಳಗೆ ಇಣುಕುವುದು, ರಾತ್ರಿ ಹೊತ್ತು ಗಟ್ಟಿಯಾಗಿ ಮಾತಾಡುತ್ತಾ ಸಾಗುವುದು, ಇವು ಬೇರೆ ಯಾವ ಮನೆಯ ಮುಂದೆ ಸಲ್ಲವೋ ಇಲ್ಲಿಯೂ ಸಲ್ಲವು.

ಗಾಳ ಹಾಕುವವರ ಕೈಯಲ್ಲಿ ಹತ್ತು ಮೀಟರಿಗೂ ಮಿಕ್ಕಿದ ಕಾರ್ಬನ್ ಗಳಗಳಿರುತ್ತವೆ. ಮೀನು ಕಚ್ಚಿದಾಗ ಆ ಗಳವನ್ನು ಹಿಂದಕ್ಕೆ, ಹಾದಿಗೆ ಅಡ್ಡವಾಗಿ ಸರಿಸುತ್ತಾ ಬಿಚ್ಚುವುದು ಅವರ ಕೆಲಸದ ಕ್ರಮ. ಗಳದ ಮೇಲೆ ಚಕ್ರ ಹತ್ತಿದರೆ ದುಬಾರಿ ವಸ್ತು ಮುರಿಯುತ್ತದೆ, ನೀವೂ ಬೀಳುತ್ತೀರಿ. ದೂರದಿಂದಲೇ ಬೆಲ್ ಬಾರಿಸಿ ನಿಂತರೆ ಹೆಚ್ಚಿನವರು ತಲೆಯಾಡಿಸಿ ಗಳವನ್ನು ಎತ್ತಿಕೊಡುತ್ತಾರೆ, ಮೀನು ಸಿಕ್ಕಿದ ಗಳಿಗೆಯಾದರೆ ಒಂದೆರಡು ನಿಮಿಷ ಕಾಯಬೇಕಾಗುತ್ತದೆ.

ವಸಂತದಲ್ಲಿ ಬಾತುಗಳೂ ಹಂಸಗಳೂ ಮರಿಗಳೊಡನೆ ಹಾದಿಯ ಮೇಲೆಯೇ ಬಿಡಾರ ಹೂಡುತ್ತವೆ. ಮರಿಯಿರುವ ಹಂಸ ಬುಸುಗುಟ್ಟಿ ರೆಕ್ಕೆ ಬಿಚ್ಚಿದರೆ ಅದು ಬೆದರಿಕೆಯೇ ಸರಿ. ಇಳಿದು ನಿಂತು, ಅವು ನೀರಿಗಿಳಿದ ಮೇಲೆ ನಡೆದುಕೊಂಡು ದಾಟಿ.

ಸುರಂಗಗಳು ಮತ್ತು ಮೇಲ್ಗಾಲುವೆಗಳು

ಅನೇಕ ಸುರಂಗಗಳಲ್ಲಿ ದಂಡೆಹಾದಿಯೇ ಇಲ್ಲ. ದೋಣಿಯವರು ಚಾವಣಿಯ ಮೇಲೆ ಮಲಗಿ ಗೋಡೆಗೆ ಕಾಲು ಒತ್ತಿ ದೋಣಿಯನ್ನು ನಡೆಸುತ್ತಿದ್ದರು, ಕುದುರೆಯನ್ನು ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ಸವಾರನೂ ಆ ಕುದುರೆಯ ದಾರಿಯನ್ನೇ ಹಿಡಿಯಬೇಕು. ರೀಜೆಂಟ್ಸ್ ಕಾಲುವೆಯಲ್ಲಿ 878 ಮೀಟರ್ ಉದ್ದದ ಇಸ್ಲಿಂಗ್‌ಟನ್ ಸುರಂಗ ಬಂದಾಗ ಮೇಲೆ ಹತ್ತಿ ಬೀದಿಗಳ ಮೂಲಕ ಸಾಗಿ ಆಚೆ ಇಳಿಯಬೇಕು. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಬ್ಲಿಸ್‌ವರ್ತ್ ಸುರಂಗಕ್ಕೂ ಹಾದಿಯಿಲ್ಲ, ಅಲ್ಲಿನ ಬದಲಿ ದಾರಿಯಲ್ಲಿ ವಾಹನಗಳ ನಡುವೆ ಸಾಗುವ ಭಾಗವಿರುವುದರಿಂದ ಮೊದಲೇ ನಕ್ಷೆ ನೋಡಿಟ್ಟುಕೊಳ್ಳಿ. ವೇಲ್ಸ್ ಗಡಿಯ ಚಿರ್ಕ್‌ನಲ್ಲಿರುವಂತೆ ಹಾದಿಯಿರುವ ಸುರಂಗಗಳಲ್ಲಿ ಕಂಬಿ ಹಿಡಿದು, ದೀಪ ಹಚ್ಚಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದೇ ಸರಿ.

ಲಾಂಗಾಥ್ಲೆನ್ ಕಾಲುವೆಯ ಪೊಂಟ್‌ಕಸಿತ್ಲೆ ಮೇಲ್ಗಾಲುವೆಯನ್ನು ಎಂಜಿನಿಯರುಗಳಾದ ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ 1805ರಲ್ಲಿ ಮುಗಿಸಿದರು. ಡೀ ನದಿಯಿಂದ ಸುಮಾರು 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದಕ್ಕೆ ಕಬ್ಬಿಣದ ತೊಟ್ಟಿಯಲ್ಲಿ ನೀರು ನಿಂತಿದೆ, ಹಾದಿಯ ಬದಿಯಲ್ಲಿ ಮಾತ್ರ ಕಂಬಿಯಿದೆ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಜಾಗಕ್ಕೆ ಬರುವವರಲ್ಲಿ ಎತ್ತರಕ್ಕೆ ಹೆದರಿ ಕಂಬಿ ಬಿಡದೆ ನಡೆಯುವವರು ಇರುತ್ತಾರೆ. ಅವರನ್ನು ಕಂಬಿಯಿಂದ ಕೈಬಿಡಿಸಿ ದಾಟುವುದು ಕ್ರೌರ್ಯ. ಎರಡು ಸೈಕಲ್ಲುಗಳು ಸಲೀಸಾಗಿ ಎದುರುಬದುರಾಗಲಾರದ ಅಲ್ಲಿ ಇಳಿದು ನಡೆಯಬೇಕು.

ನೀರಿಗೆ ಬಿದ್ದರೆ

ಕಾಲುವೆಯ ಬಹುಭಾಗ ಎದೆಮಟ್ಟಕ್ಕಿಂತ ಹೆಚ್ಚು ಆಳವಿರುವುದಿಲ್ಲ, ಆದ್ದರಿಂದ ಮೊದಲು ಕಾಲೂರಿ ನಿಲ್ಲಲು ಪ್ರಯತ್ನಿಸಿ. ಆದರೆ ತಣ್ಣೀರಿನ ಆಘಾತಕ್ಕೆ ಉಸಿರು ಕಟ್ಟಿ ಏದುಸಿರು ಬರುತ್ತದೆ, ಅದೇ ಕ್ಷಣದಲ್ಲಿ ಕೈಕಾಲು ಬಡಿದರೆ ನೀರು ಒಳಹೋಗುತ್ತದೆ. ನೆಲ ಸಿಗದಿದ್ದರೆ ಬೆನ್ನ ಮೇಲೆ ತೇಲುತ್ತಾ ಉಸಿರು ಹತೋಟಿಗೆ ಬರುವವರೆಗೆ ಕಾದು, ಆಮೇಲೆ ದಂಡೆಯ ತಗ್ಗಾದ ಕಡೆಗೆ ಸಾಗಿ. ಸೈಕಲ್ಲಿನ ಆಸೆ ಬಿಡಿ. ಬೇರೆಯವರು ಬಿದ್ದದ್ದನ್ನು ಕಂಡರೆ ನೀವೂ ಧುಮುಕಬೇಡಿ: ಹಗ್ಗ, ಕೊಂಬೆ, ಜಾಕೆಟ್ಟು ಏನಾದರೂ ಚಾಚಿ, 999ಕ್ಕೆ ಕರೆ ಮಾಡಿ. ನೀವಿರುವ ಜಾಗವನ್ನು ಹೇಳಲು ಒಳ್ಳೆಯ ಉಪಾಯವೊಂದಿದೆ. ಕಾಲುವೆಯ ಬಹುತೇಕ ಸೇತುವೆಗಳ ಮೇಲೆ ಸಂಖ್ಯೆಯ ಫಲಕವಿರುತ್ತದೆ, ಕಾಲುವೆಯ ಹೆಸರು ಮತ್ತು ಹತ್ತಿರದ ಸೇತುವೆಯ ಸಂಖ್ಯೆ ಹೇಳಿದರೆ ರಸ್ತೆಯ ಹೆಸರಿಲ್ಲದ ಕಡೆಯೂ ನೆರವು ತಲುಪುತ್ತದೆ. ಹಾಗಾಗಿ ದಾಟಿದ ಸೇತುವೆಯ ಸಂಖ್ಯೆಯನ್ನು ಓದಿಕೊಳ್ಳುವುದು ಅಭ್ಯಾಸವಾಗಲಿ.

ಹೊರಬಂದ ಮೇಲೂ ಒಂದು ಎಚ್ಚರ ಉಳಿದಿದೆ. ನಮ್ಮ ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಇಲಿಜ್ವರ ಬ್ರಿಟನ್ನಿನ ಕಾಲುವೆ ನೀರಿನಿಂದಲೂ ಬರಬಹುದು. ಅಲ್ಲಿ ಅದು ಅಪರೂಪ, ಆದರೆ ಇಲ್ಲದೇ ಇಲ್ಲ. ಗಾಯಗಳನ್ನು ಶುದ್ಧ ನೀರಿನಲ್ಲಿ ತೊಳೆದು ಮುಚ್ಚಿ, ಏನನ್ನಾದರೂ ತಿನ್ನುವ ಮುನ್ನ ಕೈ ತೊಳೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ತಲೆನೋವು, ಮಾಂಸಖಂಡಗಳ ನೋವು ಕಾಣಿಸಿಕೊಂಡರೆ ಕಾಲುವೆಗೆ ಬಿದ್ದ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು.

ಎಲ್ಲಿಂದ ಆರಂಭಿಸಬೇಕು

ಕತ್ತಲಾದ ಮೇಲಿನ ಸವಾರಿಯನ್ನು ಹಾದಿ ಪರಿಚಯವಾಗುವವರೆಗೆ ಕೈಗೊಳ್ಳದಿರುವುದೇ ಲೇಸು. ಕೈಗೊಂಡರೆ ಮುಂದಿನ ದೀಪವನ್ನು ನೆಲದತ್ತ ಬಾಗಿಸಿ, ಮಿನುಗದ ಬೆಳಕಿನಲ್ಲಿಡಿ. ಹಾಗೆಯೇ ಆತುರವಿದ್ದ ದಿನ ದಂಡೆಗೆ ಬರಬೇಡಿ. ಲಂಡನ್ನಿನಲ್ಲಿ ರೀಜೆಂಟ್ಸ್ ಕಾಲುವೆಯ ಇಸ್ಲಿಂಗ್‌ಟನ್–ಹ್ಯಾಕ್ನಿ ಭಾಗ ಬೆಳಿಗ್ಗೆ ಸಂಜೆ ಕಿಕ್ಕಿರಿದಿರುತ್ತದೆ, ಕೆಲಸಕ್ಕೆ ಹೊತ್ತಾದವರಿಗೆ ಪಕ್ಕದ ಬೀದಿಗಳೇ ಬೇಗ, ಸುರಕ್ಷಿತ ಕೂಡ.

ಹೊಸಬರಿಗೆ ನಾನು ಮೊದಲು ಸೂಚಿಸುವುದು ಬರ್ಮಿಂಗ್‌ಹ್ಯಾಮಿನಿಂದ ವೂಲ್ವರ್‌ಹ್ಯಾಂಪ್ಟನ್ನಿಗೆ ಹೋಗುವ ಮುಖ್ಯ ಕಾಲುವೆಯನ್ನು. ಟೆಲ್ಫರ್ಡ್ ಅದನ್ನು ನೇರವಾಗಿ, ಅಗಲವಾಗಿ ತಿದ್ದಿದಾಗ ಎರಡೂ ದಂಡೆಗಳಲ್ಲಿ ಹಾದಿ ಮಾಡಿಸಿದ್ದರಿಂದ ಮುಂದಿನದು ದೂರದವರೆಗೆ ಕಾಣುತ್ತದೆ. 1829ರ ಗ್ಯಾಲ್ಟನ್ ಸೇತುವೆ ತಲೆಯ ಮೇಲೆ ಎತ್ತರದಲ್ಲಿ ಹಾದುಹೋಗುವ ಕಂದಕವೂ ಅಲ್ಲಿಯೇ ಇದೆ. ಸ್ಕಾಟ್ಲೆಂಡಿನಲ್ಲಿರುವವರಿಗೆ ಎಡಿನ್‌ಬರೋದಿಂದ ಫಾಲ್ಕರ್ಕ್ ಕಡೆಗಿನ ಯೂನಿಯನ್ ಕಾಲುವೆ ಸಮಮಟ್ಟದಲ್ಲಿ ಸಾಗುವುದರಿಂದ ಏರಿಳಿತದ ಕಷ್ಟವಿಲ್ಲ, ಆದರೆ ಅದರ ಮೇಲ್ಗಾಲುವೆಗಳ ಕಲ್ಲುಹಾಸಿನ ಕಿರಿದಾದ ಹಾದಿಗಳಲ್ಲಿ ಇಳಿಯಲೇಬೇಕು. ದಕ್ಷಿಣದಲ್ಲಿ ಕೆನೆಟ್ ಅಂಡ್ ಏವನ್ ಕಾಲುವೆಯ ಬಾತ್‌ನಿಂದ ಬ್ರ್ಯಾಡ್‌ಫರ್ಡ್ ಆನ್ ಏವನ್ ವರೆಗಿನ ಭಾಗ ಅತ್ಯಂತ ಸುಂದರ, ಅಷ್ಟೇ ಜನಭರಿತ. ಭಾನುವಾರದ ಮಧ್ಯಾಹ್ನವನ್ನು ಬಿಟ್ಟು ವಾರದ ನಡುವಿನ ಬೆಳಿಗ್ಗೆ ಹೋಗಿ, ಏವನ್‌ಕ್ಲಿಫ್‌ನಲ್ಲಿ ಹಾದಿ ಮೇಲ್ಗಾಲುವೆಯ ಕೆಳಗಿನಿಂದ ನುಸುಳಿ ಇನ್ನೊಂದು ದಂಡೆಗೆ ಬರುವ ಕಡಿದಾದ ಜಾಗದಲ್ಲಿ ಸೈಕಲ್ಲಿನಿಂದ ಇಳಿಯಿರಿ. ಅದೇ ಕಣಿವೆಯಲ್ಲಿ ರೈಲು ಮಾರ್ಗವೂ ಇರುವುದರಿಂದ ದಣಿದವರು ಬ್ರ್ಯಾಡ್‌ಫರ್ಡ್‌ನಿಂದ ಬಾತ್‌ಗೆ ರೈಲಿನಲ್ಲಿ ಮರಳಬಹುದು. ಬೋಗಿಯಲ್ಲಿ ಸೈಕಲ್ಲುಗಳಿಗೆ ಜಾಗ ಕಡಿಮೆಯಾದ್ದರಿಂದ ರೈಲಿನ ನಿಯಮಗಳನ್ನು ಮನೆಯಿಂದ ಹೊರಡುವಾಗಲೇ ನೋಡಿಕೊಂಡಿರಬೇಕು.